ಸೊಸೆಗೆ ಕೂಲಿ ಕೊಟ್ಟ ಮನೆ

ನಮ್ಮೂರಿನಲ್ಲಿ ಯಾರ ಹತ್ತಿರ ಎಷ್ಟು ಆಸ್ತಿ ಇದೆ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ನಡೆಯುವ ಸದ್ದು ಕೇಳಿದರೆ ಸಾಕು. ಮನೆ, ಹೊಲ, ಬಂಗಾರ, ಪೆಟ್ಟಿಗೆಯಲ್ಲಿಟ್ಟ ರೊಕ್ಕ, ಯಾವುದೇ ಇರಲಿ, ಅದರ ಭಾರ ಒಡೆಯನ ಮೈಮೇಲೆಯೇ ಇರುತ್ತದೆ. ಗಿರಣಿ ಮಾಲೀಕರು ಎಲುಬು ಎಣಿಸುವಷ್ಟು ಬಡಕಲು ಮನುಷ್ಯ. ಆದರೆ ಅವರು ಹತ್ತಿದ ಟಾಂಗಾದ ಕುದುರೆ ದಿಬ್ಬದ ಬುಡದಲ್ಲೇ ನಿಂತುಬಿಡುತ್ತದೆ. ಅವರ ಮನೆಯಲ್ಲಿ ಮಂಚಗಳಿಲ್ಲ, ಎಲ್ಲರೂ ಕಲ್ಲಿನ ಕಟ್ಟೆಯ ಮೇಲೆ ಮಲಗುತ್ತಾರೆ. ಏನೂ ಇಲ್ಲದವರು ಆಷಾಢದ ಗಾಳಿಯಲ್ಲಿ ಬಯಲು ದಾಟುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದ ಬೀಗರನ್ನು ಹಗ್ಗದ ಹೊರಸಿನ ಮೇಲೆ ಕೂಡಿಸಿ, ಹಗ್ಗ ಎಷ್ಟು ಜಗ್ಗಿತು ಎಂದು ಓರೆಗಣ್ಣಿನಿಂದ ನೋಡುವುದು ನಮ್ಮಲ್ಲಿ ವಾಡಿಕೆ. ಹೊಸ ಸಾಲ ಎತ್ತಿ ಕಿಸೆ ತುಂಬಿಕೊಂಡು ಬಂದು ಕೂತು, ಮದುವೆ ಮುಗಿದ ಮೇಲೆ ಹಗುರಾದ ಬೀಗರೂ ಇದ್ದಾರೆ.

ನನ್ನ ಹೆಸರು ಮಹಾನಂದಾ. ಸೊಸೆಯಾಗಿ ಈ ಊರಿಗೆ ಬಂದಂದಿನಿಂದ ಕೈ ಹಿಡಿದುಕೊಂಡು ಬಯಲು ದಾಟುವವರ ಸಾಲಿನಲ್ಲಿದ್ದವಳು. ನನ್ನ ಅತ್ತೆ ಶಿವಲಿಂಗವ್ವ ಮಾತ್ರ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಖಾನಾವಳಿಯ ಒಡತಿ. ಅವಳು ಒಳಗೆ ಬರುತ್ತಿದ್ದರೆ ಅಡುಗೆಮನೆಯ ಹಾಸುಗಲ್ಲೇ ಮೊದಲು ಸುದ್ದಿ ಕೊಡುತ್ತಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು, ಇಷ್ಟೇ ಅಲ್ಲಿಯ ಊಟ. ಇಷ್ಟಕ್ಕೇ ಸುತ್ತಲಿನ ಹಳ್ಳಿಯವರು ಬಸ್ಸು ತಪ್ಪಿಸಿಕೊಂಡು ಕೂಡುತ್ತಿದ್ದರು. ಅತ್ತೆ ಬಾಯಿ ಜೋರು, ಕೈ ನೇರ. ಕೆಲಸದ ಹೆಂಗಸರಿಗೆ ಬೆವರು ಆರುವುದರೊಳಗೆ ಕೂಲಿ ಕೊಡಬೇಕು ಎನ್ನುತ್ತಿದ್ದಳು, ಕೊಡುತ್ತಲೂ ಇದ್ದಳು. ಯಾರ ದುಡಿಮೆಯನ್ನೂ ಮರುದಿನಕ್ಕೆ ಉಳಿಸಿಕೊಂಡವಳಲ್ಲ.

ನಾನು ಮಾತ್ರ ಕೆಲಸದ ಹೆಂಗಸಲ್ಲ, ಸೊಸೆ. ಒಲೆಯ ಮುಂದೆ ಎಲ್ಲರಿಗಿಂತ ಮೊದಲು ಕೂತು ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದೆ. ಮಾವನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ರೊಟ್ಟಿಯ ನಡುನಡುವೆ ಎದ್ದು ಹೋಗಿ ಅವರನ್ನು ಹೊರಳಿಸಿ, ತೊಳೆದು, ಒರೆಸಿ ಬರುತ್ತಿದ್ದೆ. ಮಾವ ಹೋದರು. ನನ್ನ ಗಂಡ ಅಂದಾನಪ್ಪನೂ ಒಂದು ಜ್ವರದ ನೆಪದಲ್ಲಿ ಹೋದ. ಮಕ್ಕಳಿರಲಿಲ್ಲ. ತವರಿಗೆ ಹೋಗಬಹುದಿತ್ತು, ಹೋಗಲಿಲ್ಲ. ಹಿಟ್ಟಿನ ಹದ ಕೈಗೆ ಹತ್ತಿದ ಮೇಲೆ ಅದನ್ನು ಬಿಟ್ಟು ಎಲ್ಲಿಗೆ ಹೋಗುವುದು ಅನ್ನಿಸಿತ್ತು. ಮೈದುನ ಫಕ್ಕೀರಪ್ಪ ಬೇರೆ ಮನೆ ಮಾಡಿ ಅರಿವೆ ಅಂಗಡಿ ಇಟ್ಟುಕೊಂಡಿದ್ದ. ಊಟಕ್ಕೆ ಮಾತ್ರ ತಪ್ಪದೆ ಬರುತ್ತಿದ್ದ. ಬಂದು, ಚಟ್ನಿಗೆ ಉಪ್ಪು ಕಡಿಮೆ ಎಂದು ಹೇಳಿ ಹೋಗುತ್ತಿದ್ದ.

ಮೊಣಕಾಲು ಹೋದ ಮೇಲೆ ಅತ್ತೆ ಖಾನಾವಳಿಯ ಕಟ್ಟಡ ಮಾರಿದಳು. ಫಕ್ಕೀರಪ್ಪನಿಗೆ ಅಂಗಡಿ ಹಾಕುವಾಗಲೇ ಅವನ ಪಾಲು ಕೊಟ್ಟಾಗಿತ್ತು. ಉಳಿದದ್ದನ್ನು ಏನು ಮಾಡುತ್ತಾಳೋ ಎಂದು ಊರು ಕಾಯುತ್ತಿತ್ತು. ಅವಳು ನಾಲ್ಕು ಮಂದಿಯನ್ನು ಕರೆದು, ನನ್ನನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿಬಟ್ಟಲು, ಕುಪ್ಪಸದ ಖಣದ ಜೊತೆ ಮಾರಿದ ರೊಕ್ಕವನ್ನೆಲ್ಲ ಇಟ್ಟು ಉಡಿ ತುಂಬಿದಳು. ವಿಧವೆಗೆ ಉಡಿ ತುಂಬುತ್ತಾರೇನು ಎಂದು ಹಿಂದಿನಿಂದ ಯಾರೋ ಗೊಣಗಿದರು. ನನ್ನ ಸೊಸೆ, ನನ್ನ ರೊಕ್ಕ, ನಿನಗೇನು ನೋವು ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದಳು. ನಾನು ಅತ್ತುಬಿಟ್ಟೆ. ಆ ರೊಕ್ಕದಲ್ಲಿ ಎರಡು ಕೋಣೆಯ ಮನೆ ಕೊಂಡು, ಮುಂದಿನ ಪಡಸಾಲೆಯಲ್ಲಿ ಗರಿಗರಿಯಾದ ಕಟಕ ರೊಟ್ಟಿ ಮಾಡಿ ಮಾರಲು ಶುರು ಮಾಡಿದೆ. ಅತ್ತೆ ನನ್ನ ಜೊತೆಗೇ ಇದ್ದಳು. ಪಡಸಾಲೆಯಲ್ಲಿ ಕೂತು ಗಿರಾಕಿಗಳನ್ನು ಬೈಯುವುದು ಅವಳ ಕೆಲಸ.

ನಮ್ಮೂರಿನ ಭಾರಕ್ಕೆ ಒಂದು ಗುಣವಿದೆ. ಪರರಿಗೆ ಕೊಟ್ಟದ್ದು ಆ ಗಳಿಗೆಯೇ ಮೈಯಿಂದ ಇಳಿಯುತ್ತದೆ. ನಮ್ಮವರಿಗೆ ಕೊಟ್ಟದ್ದು ಐದು ಮಳೆಗಾಲ ಕಳೆಯುವ ತನಕ ಇಳಿಯುವುದಿಲ್ಲ. ಕೊಟ್ಟವರು ಹೊರುತ್ತಲೇ ಇರುತ್ತಾರೆ, ಪಡೆದವರು ಹಗುರಾಗಿ ತಿರುಗಾಡುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅತ್ತೆಗಂತೂ ಅದು ಹೆಮ್ಮೆ. ಖಾನಾವಳಿ ಹೋದ ಮೇಲೂ ಅವಳು ನಡೆದರೆ ನೆಲ ಧಪಧಪ ಎನ್ನುತ್ತಿತ್ತು. ಕೊಟ್ಟವಳ ಹೆಜ್ಜೆ ಹೀಗಿರುತ್ತದೆ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಅದೇ ಹೆಜ್ಜೆ ಒಂದು ದಿನ ಬಾತುಕೊಂಡಿತು. ಮುಖವೂ ಬಾತಿತು, ಅನ್ನ ಸೇರದಾಯಿತು. ಡಾಕ್ಟರಮ್ಮ ನೋಡಿ, ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿವೆ, ಇನ್ನು ವಾರವಾರವೂ ಯಂತ್ರಕ್ಕೆ ಹಾಕಿ ರಕ್ತ ತೊಳೆಯಬೇಕು, ಇರುವ ತನಕ ತೊಳೆಯುತ್ತಲೇ ಇರಬೇಕು, ತಡ ಮಾಡಿದರೆ ಈ ಮಳೆಗಾಲ ದಾಟುವುದಿಲ್ಲ ಎಂದರು. ಊರಿನ ಆಸ್ಪತ್ರೆಯಲ್ಲಿ ಬಡವರಿಗೆ ಅದು ಪುಕ್ಕಟೆ. ಬಡವರು ಯಾರು ಎಂದು ಹೇಳುವುದಕ್ಕೆ ಬಾಗಿಲಲ್ಲೇ ಎರಡಾಳೆತ್ತರದ ತಕ್ಕಡಿ ಇದೆ. ಒಂದು ತಟ್ಟೆಯಲ್ಲಿ ಕರಿಕಲ್ಲು, ಇನ್ನೊಂದರಲ್ಲಿ ರೋಗಿ. ಮೈಯ ತೂಕ ಅದಕ್ಕೆ ತಾಗುವುದಿಲ್ಲ, ಆಸ್ತಿಯದಷ್ಟೇ ತಾಗುತ್ತದೆ. ರೋಗಿ ಮೇಲೆದ್ದರೆ ಪುಕ್ಕಟೆ, ಕಲ್ಲು ಮೇಲೆದ್ದರೆ ರೊಕ್ಕ ಕಟ್ಟಬೇಕು. ಅತ್ತೆ ಕೂತಳು, ಕಲ್ಲು ಮೇಲೆ ಹೋಯಿತು.

ತೂಗುವ ಅಧಿಕಾರಿ ವಾಮನರಾಯರು ಒಳ್ಳೆಯ ಮನುಷ್ಯರೇ. ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇವಳ ಹೆಸರಿನಲ್ಲಿ ಒಂದು ಹಂಚೂ ಇಲ್ಲ, ಮನೆ ನನ್ನದು, ನೀವೇ ವಿಚಾರಿಸಿ ಎಂದೆ. ಅವರು ಕನ್ನಡಕ ಒರೆಸಿಕೊಂಡರು. ನಿಮ್ಮದೇ ಇರಬಹುದು, ಕೊಟ್ಟ ಭಾರ ಇನ್ನೂ ಇವರ ಮೈಮೇಲಿದೆ, ತಕ್ಕಡಿ ಹೇಳಿದ್ದನ್ನು ಮೀರಲು ನನಗೆ ಬರುವುದಿಲ್ಲ ಎಂದರು. ದಾರಿಯನ್ನೂ ಹೇಳಿದರು. ಮನೆಯನ್ನು ತಿರುಗಿ ಅತ್ತೆಗೆ ಕೊಡಬೇಕು, ಅತ್ತೆ ಅದನ್ನು ಮಾರಬೇಕು, ಆ ರೊಕ್ಕ ತೀರುವ ತನಕ ಕಟ್ಟಿ ರಕ್ತ ತೊಳೆಸಬೇಕು, ಎಲ್ಲ ತೀರಿದ ಮೇಲೆ ಬಂದರೆ ಪುಕ್ಕಟೆ. ಅಂದರೆ ಇಬ್ಬರೂ ಬೀದಿಗೆ ಬಿದ್ದು ಆಮೇಲೆ ಬನ್ನಿ ಎಂದ ಹಾಗಾಯಿತು. ಇಲ್ಲವಾದರೆ ಐದು ಮಳೆಗಾಲ ಕಾಯಬೇಕು. ಅತ್ತೆಗೆ ಇದ್ದದ್ದು ಒಂದೇ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅತ್ತೆಯ ಜೀವ ಹಿಂಡಿ ಸೊಸೆ ಮನೆ ಕಟ್ಟಿಕೊಂಡಳು ಎಂದರು. ನಿನ್ನೆಯ ತನಕ ನನ್ನ ರೊಟ್ಟಿ ತಿಂದವರೇ ಇಂದು ಮುಖ ತಿರುಗಿಸಿ ಹೋದರು. ಫಕ್ಕೀರಪ್ಪ ಮನೆಗೇ ಬಂದು, ವೈನಿ, ಇನ್ನೂ ಎಷ್ಟು ದಿನ ಹಟ ಹಿಡಿಯುತ್ತೀರಿ, ಮನೆ ಬಿಟ್ಟುಕೊಡಿ ಎಂದ. ಅತ್ತೆಯ ಹೆಸರಿಗೆ ಬಂದದ್ದರಲ್ಲಿ ಏನಾದರೂ ಉಳಿದರೆ ಅದು ಯಾರಿಗೆ ಹೋಗುತ್ತದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಜ ಹೇಳುತ್ತೇನೆ, ಅವನು ಹೇಳುವ ಮೊದಲೇ ನಾನು ಅತ್ತೆಯ ಮುಂದೆ ಬೀಗದಕೈ ಇಟ್ಟಿದ್ದೆ. ಮನೆ ತೊಗೊಳ್ಳಿ, ಮಾರೋಣ, ಎಲ್ಲಿಯಾದರೂ ಬಾಡಿಗೆಗೆ ಇದ್ದು ರೊಟ್ಟಿ ಬಡಿಯುತ್ತೇನೆ ಎಂದೆ. ಅವಳು ಬೀಗದಕೈಯನ್ನು ಮುಟ್ಟಲಿಲ್ಲ. "ಕೊಟ್ಟ ಉಡಿ ತಿರುಗಿ ಇಸಗೊಂಡ್ರ ನಾ ಶಿವಲಿಂಗವ್ವ ಅಲ್ಲ. ಸತ್ತರ ಸಾಯ್ತೀನಿ. ಕೊಟ್ಟು ಸತ್ತಳು ಅಂತ ಊರು ಅಂದೀತು," ಎಂದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಇವಳು ದೊಡ್ಡಸ್ತಿಕೆಯಿಂದ ಸಾಯುವುದು, ನಾನು ಆ ಸಾವಿನ ಮನೆಯಲ್ಲಿ ತಲೆ ತಗ್ಗಿಸಿಕೊಂಡು ಬದುಕುವುದು! ಅಂಥ ದಾನ ನನಗೆ ಬೇಕಾಗಿರಲಿಲ್ಲ. ನನಗೆ ಬೇಕಾದದ್ದು ಮನೆಯೂ ಹೌದು, ಪಡಸಾಲೆಯಲ್ಲಿ ಕೂತು ಬೈಯುವ ಅತ್ತೆಯೂ ಹೌದು. ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವವರ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಆ ಸಿಟ್ಟಿನಲ್ಲೇ ಒಂದು ಸಂಜೆ ಹುಸೇನಬಿಗೆ ಕೂಲಿ ಕೊಡುತ್ತಿದ್ದೆ. ಅವಳು ನನ್ನ ಜೊತೆ ರೊಟ್ಟಿ ಬಡಿಯಲು ಬರುವವಳು. ಅತ್ತೆ ಕಲಿಸಿದ ಪದ್ಧತಿಯಂತೆ, ಅವಳು ಹಣೆ ಒರೆಸಿಕೊಳ್ಳುವುದರೊಳಗೆ ಕೈಗೆ ರೊಕ್ಕ ಇಟ್ಟೆ. ಇಟ್ಟ ಕೂಡಲೇ, ಯಾವಾಗಲೂ ಆಗುವಂತೆ, ನನ್ನ ಅಂಗೈ ಹಗುರಾಯಿತು. ಅವಳು ರೊಕ್ಕವನ್ನು ಸೆರಗಿಗೆ ಗಂಟು ಹಾಕಿಕೊಂಡು, ಬಂದಾಗಿನದಕ್ಕಿಂತ ಗಟ್ಟಿಯಾಗಿ ಹೆಜ್ಜೆ ಇಡುತ್ತ ಹೋದಳು. ನಾನು ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟೆ. ಅದೇ ಒಲೆ, ಅದೇ ಹಿಟ್ಟು, ಅದೇ ರೊಟ್ಟಿ. ಅವಳ ದುಡಿಮೆಯ ರೊಕ್ಕ ಕೊಟ್ಟ ಗಳಿಗೆಯೇ ಅವಳದಾಯಿತು. ನನ್ನದು ಮಾತ್ರ ಅತ್ತೆಯ ಮೈಗೆ ಅಂಟಿಕೊಂಡು ಅವಳನ್ನೇ ತಿನ್ನುತ್ತಿದೆ. ಯಾಕೆ? ಅವಳಿಗೆ ಕೊಟ್ಟದ್ದಕ್ಕೆ ಕೂಲಿ ಅನ್ನುತ್ತೇವೆ, ನನಗೆ ಕೊಟ್ಟದ್ದಕ್ಕೆ ಉಡಿ ಅಂದರು.

ನೀವು ನಮ್ಮೂರಿನವರಲ್ಲ, ಆದ್ದರಿಂದ ಇದರಲ್ಲೇನು ದೊಡ್ಡದು ಅನ್ನಬಹುದು. ನಮ್ಮಲ್ಲಿ ಮನೆಯ ಹೆಣ್ಣಿಗೆ ಕೂಲಿ ಎನ್ನುವ ಮಾತೇ ಇಲ್ಲ. ಅದನ್ನು ಆಡಿದರೆ ಆ ಹೆಣ್ಣನ್ನು ಹೊಸ್ತಿಲಿಂದ ಆಚೆ ನಿಲ್ಲಿಸಿದ ಹಾಗೆ. ಹಿಂದೆ ಯಾವುದೋ ಒಂದು ಮನೆಯಲ್ಲಿ ಹಾಗೆ ಕೊಟ್ಟಿದ್ದರಂತೆ. ಆ ಮನೆಯ ಹೆಸರೇ ಹೋಗಿ, ಸೊಸೆಗೆ ಕೂಲಿ ಕೊಟ್ಟ ಮನೆ ಎಂದೇ ಆಯಿತು, ಮುಂದೆ ಯಾರೂ ಅವರಿಗೆ ಹೆಣ್ಣು ಕೊಡಲಿಲ್ಲ. ಅದಕ್ಕೇ ಎಲ್ಲರೂ ಸೊಸೆ ಮಗಳು ತಂಗಿಯರಿಗೆ ಕೊಡುವುದನ್ನೆಲ್ಲ ಉಡಿ ಎಂದು, ಅರಿಷಿಣ ಕುಂಕುಮ ಎಂದು ಕೊಡುತ್ತಾರೆ. ಕೊಟ್ಟು, ದೊಡ್ಡವರೆನಿಸಿಕೊಂಡು, ಐದು ಮಳೆಗಾಲ ಹೊರುತ್ತಾರೆ. ಮರ್ಯಾದೆಗೆ ಹೆದರಿ ಆಸ್ಪತ್ರೆಯ ಬಾಗಿಲಿನಿಂದ ತಿರುಗಿ ಹೋಗಿ ಸತ್ತವರು ಎಷ್ಟು ಮಂದಿಯೋ.

ಮರುದಿನ ಸಂತೆ. ಕೈಗಾಡಿಯಲ್ಲಿ ಅತ್ತೆಯನ್ನು ಕೂಡಿಸಿಕೊಂಡು ಆಸ್ಪತ್ರೆಗೆ ಹೊರಟೆ. ಬೇಕೆಂದೇ ಸಂತೆಯ ನಡುವಿನಿಂದ ಹೋದೆ, ನೋಡುವವರು ನೋಡಲಿ ಎಂದು. ಹಿಂದೆ ಒಂದು ದಂಡು ಮಂದಿ ಬಂದರು. ಮನೆ ಬಿಟ್ಟುಕೊಡಲು ಹೊರಟಿದ್ದಾಳೆ ಎಂದುಕೊಂಡು ಫಕ್ಕೀರಪ್ಪನೂ ಬಂದ. ವಾಮನರಾಯರು ಅತ್ತೆಯನ್ನು ತಟ್ಟೆಯ ಮೇಲೆ ಕೂಡಿಸಿದರು. ಕಲ್ಲು ಮತ್ತೆ ಮೇಲೆ ಹೋಯಿತು. ಆಗ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, ಈ ನನ್ನ ಅತ್ತೆ ನನಗೆ ಏನೂ ಕೊಟ್ಟಿಲ್ಲ, ನಾನು ದುಡಿದ ಕೂಲಿ ಬಾಕಿ ಇತ್ತು, ಅದನ್ನು ತೀರಿಸಿದ್ದಾಳೆ, ಅಷ್ಟೇ.

ಒಬ್ಬ ಮುದುಕಿ ಕಿವಿ ಮುಚ್ಚಿಕೊಂಡಳು. ವಾಮನರಾಯರು ತಕ್ಕಡಿಯತ್ತ ನೋಡಿದರು, ಅದು ಕದಲಲಿಲ್ಲ. "ಕೊಟ್ಟವರು ಒಪ್ಪಬೇಕಾಗ್ತದ ತಂಗೀ. ನೀವು ಅಂದ್ರ ಆಗೂದಿಲ್ಲ," ಎಂದರು.

ಅತ್ತೆಯ ಬಾತ ಮುಖ ಸಿಟ್ಟಿಗೆ ಕೆಂಪೇರಿತು. "ನಿನ್ನ ನಾ ಆಳಿನ್ಹಂಗ ಇಟ್ಟಕೊಂಡಿದ್ನೇನ?" ಎಂದಳು.

"ಆಳಿನ್ಹಂಗ ಇಟ್ಟಕೊಂಡಿದ್ರ ದಿನಾ ಸಂಜೀಕೆ ಕೂಲಿ ಬರತಿತ್ತರಿ ಅತ್ತಿ," ಎಂದೆ.

ಫಕ್ಕೀರಪ್ಪ ಮುಂದೆ ಬಂದು, ಮನೆತನದ ಮರ್ಯಾದೆಯನ್ನು ಸಂತೆಯಲ್ಲಿ ಹರಾಜಿಗೆ ಇಟ್ಟಿದ್ದಾಳೆ, ಇವಳನ್ನು ಮೊದಲು ಹೊರಗೆ ಹಾಕಿ ಎಂದು ಕೂಗಾಡಿದ. ನಾನು ಅವನ ಕಡೆ ನೋಡಲೂ ಇಲ್ಲ. ಅತ್ತೆಗೆ ಸೆಂಟಿಮೆಂಟಿನ ಮಾತು ಹಿಡಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಹುಟ್ಟಾ ವ್ಯಾಪಾರಿ. ಅದಕ್ಕೆ ವ್ಯಾಪಾರದ ಮಾತನ್ನೇ ಎತ್ತಿದೆ. ಖಾನಾವಳಿಯಲ್ಲಿ ನನ್ನಷ್ಟು ರೊಟ್ಟಿ ಬಡಿಯುವ ಹೆಂಗಸಿಗೆ ದಿನಕ್ಕೆ ಏನು ಕೊಡುತ್ತಿದ್ದಿರಿ ಎಂದು ಕೇಳಿದೆ. ಅವಳು ತುಟಿ ಬಿಗಿ ಹಿಡಿದಳು. ಆದರೆ ದರ ಕೇಳಿದರೆ ಸುಮ್ಮನಿರುವುದು ಅವಳ ಜಾಯಮಾನವಲ್ಲ. ದರ ಹೇಳಿದಳು. ಹೇಳಿದವಳೇ, ಅದು ಚಲೋ ಕೈಯವರಿಗೆ ಕೊಡುವ ದರ, ನೀನು ಬಂದ ಹೊಸತರಲ್ಲಿ ಬಡಿದ ರೊಟ್ಟಿಯ ಅಂಚು ದಪ್ಪವಿರುತ್ತಿತ್ತು, ಆಗಿನದಕ್ಕೆ ಅರ್ಧ ಕೂಲಿ ಎಂದಳು.

ನಾನು ಒಪ್ಪಿದೆ, ಮೊದಲ ಯುಗಾದಿಯ ತನಕ ಅರ್ಧ, ಆಮೇಲಿನದಕ್ಕೆ ಪೂರ್ತಿ ಎಂದೆ. ಅವಳು ನನ್ನ ಊಟದ ಖರ್ಚು ಕಳೆದಳು. ನಾನು ಎಲ್ಲರೂ ಉಂಡು ಉಳಿದದ್ದನ್ನಷ್ಟೇ ಉಂಡದ್ದನ್ನು ನೆನಪಿಸಿದೆ. ಅವಳು ಹಬ್ಬದ ಸೀರೆ ಕಳೆದಳು, ನಾಗರ ಪಂಚಮಿಗೆ ತವರಿಗೆ ಹೋದ ದಿನಗಳನ್ನು ಕಳೆದಳು. ಕೆಲಸದವರಿಗೆಲ್ಲ ವಾರಕ್ಕೊಂದು ದಿನ ಬಿಡುವಿತ್ತಲ್ಲ, ನನಗೆಲ್ಲಿತ್ತು ಎಂದು ನಾನು ಕೂಡಿಸಿದೆ. ಒಡೆದ ರೊಟ್ಟಿ ಹಂಚುಗಳನ್ನು ನನ್ನ ತಲೆಗೆ ಕಟ್ಟಲು ನೋಡಿದಳು. ಅದರಲ್ಲಿ ಒಂದನ್ನು ಸಿಟ್ಟಿನಲ್ಲಿ ಅವಳೇ ಎತ್ತಿ ಒಗೆದದ್ದು ಎಂದೆ. ಸುತ್ತ ನಿಂತವರಲ್ಲಿ ಹಳೆಯ ಗಿರಾಕಿಗಳಿದ್ದರು, ಹೌದು ಹೌದು ಎಂದು ನಕ್ಕರು. ಅತ್ತೆ ಬೆರಳು ಮಡಿಚುತ್ತ, ಬಿಚ್ಚುತ್ತ, ಬೈಯುತ್ತ ಚೌಕಾಶಿ ಮಾಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಕಣ್ಣಿಗೆ ಹೊಳಪು ಬಂದಿತ್ತು. ತಕ್ಕಡಿಯನ್ನು ಯಾರೂ ಗಮನಿಸಿರಲಿಲ್ಲ. ವಾಮನರಾಯರು ಮೆಲ್ಲಗೆ ಕೈ ಎತ್ತಿ ತೋರಿಸಿದರು. ಅತ್ತೆಯ ತಟ್ಟೆ ನೆಲ ಬಿಟ್ಟು ಗೇಣುದ್ದ ಮೇಲೆ ಬಂದಿತ್ತು. ಕಲ್ಲಿಗೆ ಸಮವಾಗಲು ಇನ್ನೂ ಬಹಳ ಉಳಿದಿತ್ತು.

ಕೊನೆಗೆ ನಾನು ಕೇಳಿದೆ, ಮಾವನನ್ನು ಹೊರಳಿಸಿದ್ದು, ತೊಳೆದದ್ದು, ಹಾಸಿಗೆ ಒಗೆದದ್ದು, ಅದರದ್ದೇನು?

ಅತ್ತೆಯ ಬೆರಳು ಅಲ್ಲೇ ನಿಂತವು. ಅವಳು ನನ್ನನ್ನು ನೋಡಲಿಲ್ಲ, ತನ್ನ ಅಂಗೈ ನೋಡಿಕೊಂಡಳು. "ಅದಕ್ಕ ದರಾ ಇಲ್ಲ," ಎಂದಳು, ಸಣ್ಣ ದನಿಯಲ್ಲಿ.

"ದರಾ ಇಲ್ಲಂದ್ರ ಪುಕ್ಕಟೆ ಅಂತಲ್ಲರಿ," ಎಂದೆ.

ಫಕ್ಕೀರಪ್ಪ ಸಂದು ನೋಡಿ, ಅವ್ವಾ, ಸಾಕು ಮಾಡು, ಮಂದಿ ನಗುತ್ತಾರೆ, ನಮ್ಮ ಮನೆಗೆ ಏನು ಹೆಸರು ಬೀಳುತ್ತದೆ ಗೊತ್ತಲ್ಲ ಎಂದ. ಅತ್ತೆ ತಲೆ ಎತ್ತಿದಳು. "ಸುಮ್ನಿರೋ. ನಿಮ್ಮಪ್ಪ ಮಲಗಿದ್ದ ಖೋಲಿ ಬಾಗಲಾ ನೀ ಮೂಗು ಮುಚಗೊಂಡು ದಾಟತಿದ್ದಿ. ಆ ಖೋಲ್ಯಾಗ ಈಕಿ ಕುಂತು ಗಂಜಿ ಕುಡಸತಿದ್ಲು," ಎಂದಳು. ಆಮೇಲೆ ವಾಮನರಾಯರ ಕಡೆ ತಿರುಗಿ, ಸ್ಪಷ್ಟವಾಗಿ, ಕೆಲಸದವರಿಗೆ ಸಂಜೆ ಲೆಕ್ಕ ಮುಗಿಸುವಾಗಿನ ಅದೇ ಧಾಟಿಯಲ್ಲಿ ಹೇಳಿದಳು: "ಹೌದರಿ. ಕೂಲೀನ. ಕೊಟ್ಟದ್ದು ಸಾಲೂದಿಲ್ಲ, ಇನ್ನೂ ನಾನ ಕೊಡಬೇಕಾಗ್ತೈತಿ."

ಕಲ್ಲು ಧಡ್ ಎಂದು ನೆಲಕ್ಕೆ ಬಿತ್ತು. ಅತ್ತೆ ಬಾತ ಕಾಲು ಇಳಿಬಿಟ್ಟುಕೊಂಡು ಎಲ್ಲರ ತಲೆಗಿಂತ ಮೇಲೆ ಹೋದಳು. ಆ ಗಳಿಗೆಯಲ್ಲೇ ನನ್ನ ಹೆಗಲ ಮೇಲೆ, ಬೆನ್ನ ಮೇಲೆ, ಹಿಮ್ಮಡಿಯ ತನಕ ಏನೋ ಇಳಿಯಿತು. ಎರಡು ಕೋಣೆ, ಒಂದು ಪಡಸಾಲೆ, ಒಲೆ, ಗೋಡೆ, ಬಾಗಿಲು, ಎಲ್ಲ ಒಂದೇ ಸಲ ಬಂದವು. ಹುಟ್ಟಿದಾಗಿನಿಂದ ನನ್ನ ಮೈ ಅಂಥದ್ದನ್ನು ಕಂಡಿರಲಿಲ್ಲ. ಬೀಳಬಾರದೆಂದು ಕಂಬ ಹಿಡಿದೆ.

ವಾರ್ಡಿನವರು ಅತ್ತೆಯನ್ನು ಇಳಿಸಿ ಗಾಲಿಕುರ್ಚಿಯಲ್ಲಿ ಕೂಡಿಸಿದರು. ಅವಳು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಮಾವ ಹೋದಾಗಲೂ ಕಂಡಿರಲಿಲ್ಲ. "ಎಲ್ಲಾ ಕಸಗೊಂಡಿವ್ವಾ ನೀ. ಕೊಟ್ಟೆ ಅನ್ನೂದೊಂದು ಉಳದಿತ್ತು, ಅದನ್ನೂ ಕಸಗೊಂಡಿ," ಎಂದಳು.

"ಬದುಕ್ರಿ," ಎಂದೆ. "ಬದುಕಿದ್ರ ಮತ್ತೇನರ ಕೊಡಂತ್ರಿ."

ಅವಳನ್ನು ಯಂತ್ರದ ಕೋಣೆಗೆ ಒಯ್ದರು. ಫಕ್ಕೀರಪ್ಪ ಯಾವಾಗ ಹೋದನೋ ನೋಡಲಿಲ್ಲ. ಸೊಸೆಗೆ ಕೂಲಿ ಕೊಟ್ಟ ಮನೆ ಎಂದು ಗುಂಪಿನಲ್ಲಿ ಆಗಲೇ ಶುರುವಾಗಿತ್ತು. ಕೇಳಿಸಿಕೊಂಡೆ, ಹಾಗೆ ಅಂದವನ ಮುಖವನ್ನೇ ನೋಡಿ, ಹೌದು, ಅದೇ ಮನೆ ಎಂದೆ. ಅವನ ಹಿಂದೆ ನಿಂತಿದ್ದ ಅವನ ಹೆಂಡತಿ ಬೆರಳು ಮಡಿಚಿ ಏನನ್ನೋ ಎಣಿಸುತ್ತಿದ್ದಳು.

ಮಂದಿ ಚದುರಿದ ಮೇಲೆ ವಾಮನರಾಯರು ಸಂಕೋಚದಿಂದ ಹತ್ತಿರ ಬಂದರು. ಇಳಿದ ಭಾರ ಎಲ್ಲಿಗೆ ಹೋಯಿತೆಂದು ಅವರು ನೋಡಲೇಬೇಕಂತೆ, ಅದಕ್ಕೆ ನಾನೂ ಒಮ್ಮೆ ತಕ್ಕಡಿಯಲ್ಲಿ ಕೂಡಬೇಕು ಎಂದರು. ಕೂತೆ. ಕರಿಕಲ್ಲು ಎದ್ದಿತು, ನನ್ನ ತಟ್ಟೆ ನೆಲ ಮುಟ್ಟಿತು. ಅವರು ನಿಟ್ಟುಸಿರು ಬಿಟ್ಟು, "ಇನ್ನ ಮ್ಯಾಲೆ ನಿಮಗ ಇಲ್ಲಿ ಒಂದು ಗುಳಿಗೀನೂ ಪುಕ್ಕಟೆ ಸಿಗೂದಿಲ್ಲ ನೋಡ್ರಿ ತಂಗೀ. ತಿಳದದನ?" ಎಂದರು. ತಿಳಿದಿದೆ ಎಂದೆ. ಹಾಗಾದರೆ ಇಳಿಯಿರಿ, ಬೇರೆಯವರು ಕಾಯುತ್ತಿದ್ದಾರೆ ಎಂದರು.

"ಒಂದೀಟು ತಡೀರಿ ಸಾಹೇಬ್ರ," ಎಂದೆ. "ನಂದು ಅನ್ನೂ ಭಾರ ಹ್ಯಾಂಗಿರತೈತಿ ಅಂತ ಇನ್ನೂ ಸರಿಯಾಗಿ ನೋಡಿಲ್ಲ ನಾ."